ಗ್ರೌಲರ್ ಸೋಲುವುದು ಮುಚ್ಚಳದಲ್ಲಿ

ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೋಮೀಟರ್, ಅಲ್ಲಿಂದ ಬೇಲೂರು ಹಾದು ಚಿಕ್ಕಮಗಳೂರಿಗೆ ಇನ್ನೂ 60 ಚಿಲ್ಲರೆ. ಚನ್ನರಾಯಪಟ್ಟಣದ ಹತ್ತಿರ ಊಟಕ್ಕೆ ನಿಂತರೆ ಐದು ಗಂಟೆ ದಾಟಿತು. ಅಷ್ಟು ಹೊತ್ತು ಡಿಕ್ಕಿಯಲ್ಲಿ ಗ್ರೌಲರ್ ಜಾಡಿಯೊಳಗೆ ಕುಳಿತು ಬಂದ ಡ್ರಾಫ್ಟ್ ಬಿಯರ್ ಮನೆಯಲ್ಲಿ ಸಪ್ಪೆ ಎನಿಸಿದರೆ ಎಲ್ಲರೂ ಬೈಯುವುದು ಬ್ರೂವರಿಯವನನ್ನು. ಬಹುಪಾಲು ಸಲ ತಪ್ಪು ಮುಚ್ಚಳದ್ದು. ಉಳಿದದ್ದರಲ್ಲಿ ಅರ್ಧ ಬಿಸಿಲಿನದ್ದು, ಅರ್ಧ ಬೂಷ್ಟಿನದ್ದು.

ಗ್ರೌಲರ್ ಅಂದರೆ ನಲ್ಲಿಯ ಬಿಯರನ್ನು ಮನೆಗೆ ಒಯ್ಯುವ, ಮತ್ತೆ ಮತ್ತೆ ತುಂಬಿಸುವ ಜಾಡಿ. 19ನೇ ಶತಮಾನದ ಅಮೆರಿಕದಲ್ಲಿ ಇದಕ್ಕೆ ತಗಡಿನ ತಂಬಿಗೆ ಬಳಕೆಯಲ್ಲಿತ್ತು. ಈಗಿನ ಗಾಜಿನ ರೂಪ ಚಾಲ್ತಿಗೆ ಬಂದದ್ದು 1989ರಲ್ಲಿ, ವಯೋಮಿಂಗ್ ರಾಜ್ಯದ ಒಟ್ಟೊ ಬ್ರದರ್ಸ್ ಎಂಬ ಪುಟ್ಟ ಬ್ರೂವರಿಯಿಂದ. ಅಲ್ಲಿನ ಅಳತೆ ಅರ್ಧ ಗ್ಯಾಲನ್, ಅಂದರೆ 1.89 ಲೀಟರ್; ಅದರ ಅರ್ಧ 946 ಮಿಲಿ. ಜರ್ಮನ್ ಮಾದರಿಯವು ಒಂದು ಮತ್ತು ಎರಡು ಲೀಟರಿನವು. ಮನೆಯಲ್ಲಿ ಕುಡಿಯುವವರು ಇಬ್ಬರೇ ಆದರೆ ಎರಡು ಲೀಟರಿನದು ಒಂದಕ್ಕಿಂತ ಒಂದು ಲೀಟರಿನವು ಎರಡು ಮೇಲು. ಒಮ್ಮೆ ತೆರೆದ ಜಾಡಿ ಮರುದಿನಕ್ಕೆ ಅರ್ಧ ಸತ್ತಿರುತ್ತದೆ. ತೆರೆಯದ ಇನ್ನೊಂದು ಹಾಗೇ ಉಳಿಯುತ್ತದೆ.

ಗಾಜಿನದಾದರೆ ಕಂದು ಬಣ್ಣದ್ದನ್ನೇ ಕೊಳ್ಳಿ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶಕ್ಕೆ ಬೆಳಕು ತಗುಲಿದರೆ ಗಂಧಕದ ವಾಸನೆಯ ಒಂದು ಸಂಯುಕ್ತ ಹುಟ್ಟುತ್ತದೆ, ಸುಟ್ಟ ರಬ್ಬರಿನಂತೆ ಮೂಗಿಗೆ ಹೊಡೆಯುತ್ತದೆ. ಕಂದು ಗಾಜು ಈ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಅಷ್ಟಕ್ಕಷ್ಟೆ, ಬಿಳಿ ಗಾಜು ಇದ್ದೂ ಇಲ್ಲದ ಹಾಗೆ. ಸ್ಟೀಲಿನದಕ್ಕೆ ಬೆಳಕಿನ ಚಿಂತೆಯೇ ಇಲ್ಲ. ಎರಡು ಪದರದ, ನಡುವೆ ನಿರ್ವಾತ ಇರುವ 304 ದರ್ಜೆಯ ಸ್ಟೀಲ್ ಜಾಡಿ ಹಾಸನದವರೆಗೆ ಐಸ್ ಇಲ್ಲದೆಯೂ ತಣ್ಣಗಿರುತ್ತದೆ. ಎಷ್ಟು ತುಂಬಿತು, ಒಳಗೆ ಎಷ್ಟು ಕೊಳೆಯಿದೆ ಎಂಬುದು ಕಾಣುವುದಿಲ್ಲ ಎನ್ನುವುದೊಂದೇ ಅದರ ದೋಷ. ಐದು ಗಂಟೆಯ ದಾರಿಗೆ ಸ್ಟೀಲ್, ಊರೊಳಗಿನ ಓಡಾಟಕ್ಕೆ ಗಾಜು. ಪಿಂಗಾಣಿಯದು ನೋಡಲು ಚಂದ, ಹೊರುವವರಿಗೆ ಗೊತ್ತು ಅದರ ಕಥೆ.

ಇನ್ನು ಮುಚ್ಚಳ. ತಿರುಪಿನ ಮುಚ್ಚಳದ ಒಳಗಿನ ಫೋಮ್ ಬಿಲ್ಲೆ ಒಂದೆರಡು ಸಲ ಬಿಗಿದ ಮೇಲೆ ಬಾಟಲಿಯ ಬಾಯಿಯ ಅಚ್ಚನ್ನು ಹಿಡಿದುಕೊಂಡು ಚಪ್ಪಟೆಯಾಗುತ್ತದೆ. ಆಮೇಲೆ ಎಷ್ಟು ತಿರುಚಿದರೂ ಗ್ಯಾಸ್ ನುಸುಳುತ್ತದೆ. 1.89 ಲೀಟರಿನ ಗಾಜಿನ ಜಾಡಿಗಳಲ್ಲಿ ಹೆಚ್ಚಿನವಕ್ಕೆ 38 ಮಿಲಿಮೀಟರಿನ ಮುಚ್ಚಳ ಕೂರುತ್ತದೆ. ಅಗ್ಗದ ವಸ್ತು, ಹತ್ತಾರು ತರಿಸಿಟ್ಟುಕೊಂಡು ಪ್ರತಿ ಸಲವೂ ಹೊಸದು ಹಾಕಿ. ತಂತಿಯ ಕ್ಲಿಪ್ ಇರುವ ಬಾಟಲಿಯಾದರೆ ರಬ್ಬರ್ ವಾಷರನ್ನು ಉಗುರಿನಿಂದ ಮಡಚಿ ನೋಡಿ. ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ ಬದಲಿಸಿ. ಸೋರಿಕೆ ಪರೀಕ್ಷೆ ಸುಲಭ: ಕಾಲು ಭಾಗ ಬಿಸಿನೀರು (ಕುದಿನೀರಲ್ಲ) ಹಾಕಿ ಬಿಗಿದು, ಕುಲುಕಿ, ಬಕೆಟ್ ನೀರಿನಲ್ಲಿ ಮುಚ್ಚಳವೂ ಮುಳುಗುವಂತೆ ನೆಟ್ಟಗೆ ಮುಳುಗಿಸಿ. ಮುಚ್ಚಳದ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದರೆ ಆ ಮುಚ್ಚಳ ಕಸಕ್ಕೆ.

ತುಂಬಿಸಿಕೊಳ್ಳಲು ಹೋಗುವ ಮುನ್ನ ಫೋನ್ ಮಾಡಿ, ಹೊರಗೆ ಕೊಡಲು ಅವರಿಗೆ ಅನುಮತಿ ಇದೆಯೇ, ನಿಮ್ಮದೇ ಜಾಡಿಗೆ ತುಂಬುತ್ತಾರೆಯೇ ಎಂದು ಕೇಳಿಕೊಳ್ಳಿ. ಇದು ಲೈಸೆನ್ಸಿನ ಮಾತು, ಬಾರ್ಟೆಂಡರನ ಸ್ನೇಹದ್ದಲ್ಲ. ಬಿಲ್ ಇಟ್ಟುಕೊಳ್ಳಿ.

ಜಾಡಿ ತಣ್ಣಗಿರಬೇಕು. ಬೆಚ್ಚಗಿನ ಗಾಜಿಗೆ ತಣ್ಣನೆ ಬಿಯರ್ ಬಿದ್ದರೆ ಅರ್ಧ ಜಾಡಿ ನೊರೆ, ಆ ನೊರೆಯೊಂದಿಗೇ ಗ್ಯಾಸೂ ಹೋಯಿತು. ಹಿಂದಿನ ರಾತ್ರಿ ಫ್ರಿಜ್‌ನಲ್ಲಿಟ್ಟು ಐಸ್ ಪೆಟ್ಟಿಗೆಯಲ್ಲೇ ಒಯ್ಯಿರಿ. ನಲ್ಲಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಅದರ ತುದಿ ಜಾಡಿಯ ತಳ ಮುಟ್ಟುವಂತೆ ಬಿಟ್ಟು ಕೆಳಗಿನಿಂದ ತುಂಬಬೇಕು. ಮೊದಲು ಕೆಲವು ಸೆಕೆಂಡ್ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಒಳಗಿನ ಗಾಳಿ ಹೊರದೂಡಿದರೆ ಇನ್ನೂ ಒಳ್ಳೆಯದು. ಬಿಯರಿಗೆ ಆಮ್ಲಜನಕ ಶತ್ರು. ಒದ್ದೆ ರಟ್ಟಿನ ರುಚಿ ತರುವುದು ಅದೇ. ಕೊಳವೆಯಿಲ್ಲದೆ ಮೇಲಿನಿಂದ ಧಾರೆ ಸುರಿಯುವ ಕಡೆ ಮತ್ತೆ ಹೋಗದಿದ್ದರೂ ನಷ್ಟವಿಲ್ಲ. ಕೊನೆಗೆ ನೊರೆ ಬಾಯಿಯವರೆಗೆ ಏರಿದಾಗ ಆ ನೊರೆಯ ಮೇಲೆಯೇ ಮುಚ್ಚಳ ಬಿಗಿಯಬೇಕು. ನೊರೆ ಇಳಿದ ಮೇಲೆ ಎರಡು ಮೂರು ಸೆಂಟಿಮೀಟರ್ ಜಾಗ ಖಾಲಿ ಉಳಿದಿರಬೇಕು. ದುಡ್ಡು ಕೊಟ್ಟಿದ್ದೇವೆ ಎಂದು ಅಂಚಿನವರೆಗೆ ತುಂಬಿಸಿಕೊಳ್ಳಬೇಡಿ. ಬೆಚ್ಚಗಾದಾಗ ಹಿಗ್ಗಲು ಬಿಯರಿಗೆ ಜಾಗ ಬೇಕು.

ಚಿಕ್ಕಮಗಳೂರಿನ ಎತ್ತರಕ್ಕೆ ಹತ್ತಿದರೆ ಗ್ರೌಲರ್ ಸಿಡಿಯುತ್ತದೆ ಎಂಬ ಮಾತಿದೆ. ಲೆಕ್ಕ ಹಾಕಿ ನೋಡಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು 1,090ರ ಆಸುಪಾಸು. ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಗೇ ಒಯ್ದರೂ ಹೊರಗಿನ ಗಾಳಿಯ ಒತ್ತಡ ಇಳಿಯುವುದು ಸುಮಾರು ಒಂದೂವರೆ ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಮಾತ್ರ. ಅದೇ ಬಿಯರ್ 4 ಡಿಗ್ರಿಯಿಂದ 30 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 12 ಪಿಎಸ್‌ಐಯಿಂದ 35ರ ಮೇಲಕ್ಕೆ ನೆಗೆಯುತ್ತದೆ. ಗಾಜಿನ ಗ್ರೌಲರ್ ಸೋಡಾ ಬಾಟಲಿಯಲ್ಲ, ಅಷ್ಟು ಒತ್ತಡಕ್ಕೆಂದು ಮಾಡಿದ್ದೂ ಅಲ್ಲ. ಏಪ್ರಿಲ್ ಮಧ್ಯಾಹ್ನ ನೆರಳಿಲ್ಲದ ಕಡೆ ಕಾರು ನಿಲ್ಲಿಸಿ ಊಟಕ್ಕೆ ಹೋಗುವುದೇ ನಿಜವಾದ ಘಾಟಿ. ಐಸ್ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತ ಟವೆಲ್ ತುರುಕಿ, ಡಿಕ್ಕಿಯಲ್ಲೇ ಇಡಿ. ಮನೆ ಸೇರಿದ ಮೇಲೆ ಎರಡು ಗಂಟೆಯಾದರೂ ಫ್ರಿಜ್‌ನಲ್ಲಿ ಕೂರಿಸಿ. ಹಂಪುಗಳಲ್ಲಿ ಕುಲುಕಿದ್ದು ಅಷ್ಟರಲ್ಲಿ ಶಾಂತವಾಗುತ್ತದೆ. ಫ್ರೀಜರಿಗೆ ಮಾತ್ರ ಬೇಡ, ಹೆಪ್ಪುಗಟ್ಟಿದರೆ ಗಾಜು ಒಡೆಯುತ್ತದೆ. ಒತ್ತಡ ಏರುವ ಕಾರಣಕ್ಕೇ ಗಾಜಿನ ಗ್ರೌಲರಿನೊಳಗೆ ಏನನ್ನೂ ಹುದುಗಿಸಲು ಹೋಗಬೇಡಿ, ಶುಂಠಿ ಪಾನಕವನ್ನೂ.

ನಲ್ಲಿಯಿಂದ ತುಂಬಿದ್ದು ತೆರೆಯದಿದ್ದರೆ ಎರಡು ಮೂರು ದಿನ ಚೆನ್ನಾಗಿರುತ್ತದೆ. ತೆರೆದ ಮೇಲೆ ಒಂದು ದಿನದೊಳಗೆ ಮುಗಿಸಿ. ಇನ್ನೂ ಬಾಳಬೇಕೆಂದರೆ ಗ್ಯಾಸ್ ಕಾರ್ಟ್ರಿಜ್ ಕೂರುವ ಒತ್ತಡದ ಸ್ಟೀಲ್ ಗ್ರೌಲರ್ ಬೇಕು, 10ರಿಂದ 12 ಪಿಎಸ್‌ಐಗೆ ಇಟ್ಟರೆ ಸಾಕು. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸೋಡಾ ಕಾರ್ಟ್ರಿಜ್ ಮತ್ತು ಕೇಕ್ ಕ್ರೀಮಿನ ಕಾರ್ಟ್ರಿಜ್ ಎರಡೂ 8 ಗ್ರಾಮಿನವು, ನೋಡಲು ಅಣ್ಣತಮ್ಮಂದಿರು. ಕ್ರೀಮಿನದರಲ್ಲಿರುವುದು ನೈಟ್ರಸ್ ಆಕ್ಸೈಡ್. ಬಿಯರಿಗೆ ಬೇಕಾದದ್ದು ಕಾರ್ಬನ್ ಡೈಆಕ್ಸೈಡ್. ಡಬ್ಬಿಯ ಮೇಲಿನ ಬರಹ ಓದಿ ಕೊಳ್ಳಿ.

ತೊಳೆಯುವ ಕೆಲಸದ ಮುಕ್ಕಾಲು ಪಾಲು ಜಾಡಿ ಖಾಲಿಯಾದ ಐದು ನಿಮಿಷದಲ್ಲಿದೆ. ಆಗಲೇ ಉಗುರುಬೆಚ್ಚಗಿನ ನೀರಿನಲ್ಲಿ ಮೂರು ಸಲ ಗಲಗಲ ಅಲ್ಲಾಡಿಸಿ ಚೆಲ್ಲಿದರೆ ಸೋಪೂ ಬೇಡ. ಬೆಳಿಗ್ಗೆ ನೋಡೋಣ ಎಂದು ಮಲಗಿದರೆ ತಳದಲ್ಲಿ ಯೀಸ್ಟ್ ಒಣಗಿ ಅಂಟುತ್ತದೆ, ವೀಟ್ ಬಿಯರ್ ಆದರಂತೂ ಕೇಳಬೇಡಿ. ಆಗ ಸೋಡಿಯಂ ಪರ್ಕಾರ್ಬೊನೇಟ್ ಎಂಬ ಕಲೆ ತೆಗೆಯುವ ಪುಡಿ ಬೇಕು, ವಾಸನೆಯಿಲ್ಲದ್ದು. ಎರಡು ಲೀಟರ್ ಜಾಡಿಗೆ ಒಂದು ಟೇಬಲ್ ಚಮಚ, 50ರಿಂದ 60 ಡಿಗ್ರಿಯ ನೀರು, ಅರ್ಧ ಗಂಟೆ. ಹಳೆಯ ಕಲೆಗೆ ಇಡೀ ರಾತ್ರಿ. ನೆನೆಯುವಾಗ ಮುಚ್ಚಳ ಹಾಕಬೇಡಿ, ಅದು ಆಮ್ಲಜನಕ ಬಿಡುತ್ತದೆ. ಫ್ರಿಜ್‌ನಿಂದ ತೆಗೆದ ಗಾಜಿಗೆ ನೇರ ಬಿಸಿನೀರು ಸುರಿದರೆ ಠಪ್ ಎಂದು ಸೀಳು ಬಿಡುತ್ತದೆ, ಮೊದಲು ಕೋಣೆಯ ಉಷ್ಣತೆಗೆ ಬರಲಿ. ಬ್ರಷ್ ತಲುಪದ ಮೂಲೆಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಕುಲುಕಿ. ಮರಳು, ಬೂದಿ ಬೇಡ, ಗೀರು ಬೀಳುತ್ತದೆ. ಪಾತ್ರೆ ಸೋಪು ಬಳಸಿದ್ದೇ ಆದರೆ ಐದಾರು ಸಲ ನೀರು ಬದಲಿಸಿ. ಉಳಿದ ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಸ್ಟೀಲಿಗೆ ಬ್ಲೀಚ್ ಹಾಕಲೇಬಾರದು, ಕ್ಲೋರಿನ್ ಲವಣ ಅದರಲ್ಲಿ ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ.

ನೀರೂ ಲೆಕ್ಕಕ್ಕೆ ಬರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಹಳ್ಳದ ನೀರು ಮೆದು. ಅರಸೀಕೆರೆ ಕಡೆಯ ಬೋರ್‌ವೆಲ್ ನೀರಿನಲ್ಲಿ ತೊಳೆದು ಒಣಗಿಸಿದ ಗಾಜು ಕೆಲವೇ ತಿಂಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೆ ಒಂದು ಲೀಟರ್ ಬಿಸಿನೀರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಅರ್ಧ ಗಂಟೆ ಬಿಡಿ. ತುಂಬಿಸುವ ದಿನ ಸ್ಟಾರ್ ಸ್ಯಾನ್‌ನಂಥ ಆಮ್ಲೀಯ ಸ್ಯಾನಿಟೈಸರ್ ಬಳಸುವವರು ಲೀಟರಿಗೆ 1.5 ಮಿಲಿ ಬೆರೆಸಿ, ಒಳಮೈ ಪೂರ್ತಿ ಎರಡು ನಿಮಿಷ ಒದ್ದೆಯಾಗಿರುವಂತೆ ತಿರುಗಿಸಿ ಚೆಲ್ಲಿ. ಆ ನೊರೆ ಉಳಿದರೂ ಪರವಾಗಿಲ್ಲ, ಮತ್ತೆ ನೀರು ಹಾಕಿದರೆ ಮಾಡಿದ ಕೆಲಸ ಹಾಳು. ಗಡಸು ನೀರಿನಲ್ಲಿ ಅದು ಬೇಗ ಹಾಲಿನಂತೆ ಕದಡಿ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಬೆರೆಸಲು ಫಿಲ್ಟರ್ ನೀರು ಹಿಡಿದಿಡಿ.

ಮಲೆನಾಡಿನ ಕಷ್ಟ ಬೇರೆಯೇ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಬಟ್ಟೆಯೇ ಒಣಗದ ಮನೆಯಲ್ಲಿ ಕಿರಿದಾದ ಬಾಯಿಯ ಜಾಡಿ ಒಣಗೀತೇ? ತೊಳೆದು ಮುಚ್ಚಳ ಬಿಗಿದು ಶೆಲ್ಫಿಗೆ ಇಟ್ಟರೆ ಹದಿನೈದು ದಿನದಲ್ಲಿ ಒಳಗೆ ಬೂಷ್ಟು. ತಳ ಮೇಲಾಗಿ ಸ್ಟ್ಯಾಂಡಿನ ಮೇಲೆ, ಒಲೆಯ ಹತ್ತಿರದ ಗೋಡೆಗೆ, ಹೊಗೆ ತಾಗದ ಕಡೆ ನಿಲ್ಲಿಸಿ. ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ, ಮುಚ್ಚಳ ಬೇರೆಯೇ ಇರಲಿ. ಸ್ಟೀಲ್ ಜಾಡಿಗೆ ಬಾಯಿಂದ ಟಾರ್ಚ್ ಬಿಟ್ಟು ನೋಡಿ, ನೋಡುವ ಮೊದಲು ಮೂಗಿಟ್ಟು ಮೂಸಿ. ಹುಳಿ ವಾಸನೆ ಬಂದರೆ ಮತ್ತೆ ಪರ್ಕಾರ್ಬೊನೇಟ್.

ಕಾಫಿ ಸೀಮೆಯಲ್ಲಿ ಇದೇ ಜಾಡಿಗೆ ಕೋಲ್ಡ್ ಬ್ರೂ ತುಂಬಿಡುವ ಆಸೆ ಸಹಜ. ತುಂಬಿ, ಗಾಜಿಗೂ ಸ್ಟೀಲಿಗೂ ಏನೂ ಆಗದು. ರಬ್ಬರ್ ವಾಷರ್ ಮಾತ್ರ ಕಾಫಿಯ ವಾಸನೆ ಹೀರಿಕೊಂಡರೆ ಬಿಡುವುದಿಲ್ಲ, ಮುಂದಿನ ಪಿಲ್ಸ್‌ನರ್ ಬಿಯರಿನಲ್ಲಿ ಫಿಲ್ಟರ್ ಕಾಫಿಯ ನೆರಳು ಬರುತ್ತದೆ. ಕಾಫಿಗೆ ಒಂದು, ಬಿಯರಿಗೆ ಒಂದು ವಾಷರ್ ಬೇರೆ ಬೇರೆ ಇಟ್ಟು, ಒಂದಕ್ಕೆ ಕೆಂಪು ದಾರ ಕಟ್ಟಿಡಿ.