ಕ್ರೋನೋ ಟ್ರಿಗರ್: ಒಣಮಾಂಸಕ್ಕೆ 400 ವರ್ಷದ ಬಡ್ಡಿ

1995ರಲ್ಲಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದ ವಿಡಿಯೋ ಗೇಮ್ ‘ಕ್ರೋನೋ ಟ್ರಿಗರ್’ ಎಂದರೆ ಅದನ್ನು ರೂಪಿಸಿದ ಸಕಾಗುಚಿ, ಹೋರಿ, ತೊರಿಯಾಮ ಎಂಬ ಮೂವರ ಹೆಸರು ಮೊದಲು ಬರುತ್ತದೆ. ಬರಲಿ. ಆಟ ಇಂದಿಗೂ ಹಳಸದಿರುವುದು ಬೇರೆ ಕಾರಣಕ್ಕೆ: ಕಾಲಪ್ರಯಾಣವನ್ನು ಅದು ಬರೀ ಕತೆಯಾಗಿ ಉಳಿಸದೆ ಆಡುವವರ ಕೈಗೇ ಕೊಟ್ಟಿದೆ.

ಮೂನ್ ಸ್ಟೋನ್ ಪ್ರಸಂಗವನ್ನೇ ನೋಡಿ. ಈ ಕಲ್ಲನ್ನು ಕ್ರಿ.ಪೂ. 6.5 ಕೋಟಿಯ ಸನ್ ಕೀಪ್ ಗುಹೆಯಲ್ಲಿ ಬಿಸಿಲಿಗಿಟ್ಟರೆ ಕ್ರಿ.ಶ. 2300ಕ್ಕೆ ಸನ್ ಸ್ಟೋನ್ ಆಗಿರಬೇಕು. ಹೋದರೆ ಕಲ್ಲೇ ಇಲ್ಲ. ಒಂದೊಂದೇ ಕಾಲ ಹುಡುಕುತ್ತ ಬಂದರೆ 600ರಲ್ಲಿದೆ, 1000ದಲ್ಲಿ ಮಾಯ. ಕದ್ದವನು ಪೋರ್ ಊರಿನ ಮೇಯರ್, ಮಹಾ ಜಿಪುಣ. ಅದೇ ಊರಿನ ಸ್ನೇಲ್ ಸ್ಟಾಪ್‌ನಲ್ಲಿ 9,900 ಜಿ (ಆಟದೊಳಗಿನ ಹಣ) ತೆತ್ತು ಒಣಮಾಂಸ ಕೊಂಡು, 600ಕ್ಕೆ ಹೋಗಿ ಅವನ ಪೂರ್ವಜಳಿಗೆ ಕೊಡಬೇಕು. ಆಕೆ 10,000 ಕೊಡಲು ಬರುತ್ತಾಳೆ. ಬಹಳ ಜನ ಎಡವುವುದು ಇಲ್ಲೇ. ನೂರು ಜಿ ಲಾಭಕ್ಕೆ ಮಾರಿದರೆ ಮೇಯರ್ ಜಿಪುಣನಾಗಿಯೇ ಇರುತ್ತಾನೆ. ಪುಕ್ಕಟೆ ಕೊಟ್ಟರೆ ಆ ಔದಾರ್ಯ ವಂಶಕ್ಕೇ ಇಳಿದು, 1000ದ ಮೇಯರ್ ಕಲ್ಲನ್ನು ತಾನಾಗಿ ಕೈಗಿಡುತ್ತಾನೆ. ಅದನ್ನು 1000ದ ಸನ್ ಕೀಪ್‌ನಲ್ಲೇ ಮತ್ತೆ ಇಟ್ಟು 2300ಕ್ಕೆ ಹೋಗಿ.

ಮುಚ್ಚಿದ ಕಪ್ಪು ಪೆಟ್ಟಿಗೆಗಳದ್ದೂ ಇದೇ ಲೆಕ್ಕ. ಆಟದ ನಾಯಕಿ ಮಾರ್ಲ್‌ಳ ಪೆಂಡೆಂಟ್‌ಗೆ ಶಕ್ತಿ ತುಂಬಿದ ಮೇಲೆ 600ರ ಪೆಟ್ಟಿಗೆ ಮುಟ್ಟಿ, ಆದರೆ ಒಳಗಿನದ್ದನ್ನು ಎತ್ತಬೇಡಿ. 1000ಕ್ಕೆ ಬಂದು ಅದೇ ಪೆಟ್ಟಿಗೆ ತೆರೆದರೆ ವಸ್ತು ಮೇಲ್ದರ್ಜೆಗೇರಿರುತ್ತದೆ. ಆಮೇಲೆ 600ಕ್ಕೆ ವಾಪಸಾಗಿ ಮೂಲದ್ದನ್ನೂ ತೆಗೆದುಕೊಳ್ಳಿ. ಅವಸರಪಟ್ಟು 600ರಲ್ಲೇ ತೆಗೆದರೆ 1000ದಲ್ಲಿ ಖಾಲಿ ಪೆಟ್ಟಿಗೆ. ತರ್ಕದ ಪ್ರಕಾರ ಎರಡೂ ಸಿಗಕೂಡದು, ನಿಜ. ಆಟ ಅಷ್ಟು ಕಟ್ಟುನಿಟ್ಟಿಲ್ಲ, ಪುಣ್ಯ.

ನಾಯಕನ ಗೆಳತಿ ಲೂಕಾಳ ತಾಯಿ ಲಾರಾಳ ಕಾಲು ಯಂತ್ರಕ್ಕೆ ಸಿಲುಕುವ ದೃಶ್ಯಕ್ಕೆ ಮಾತ್ರ ಈ ಸಡಿಲ ಇಲ್ಲ. ಸೂಪರ್ ಫ್ಯಾಮಿಕಾಮ್ ಕಂಟ್ರೋಲರ್‌ನಲ್ಲಿ ಎಲ್, ಎ, ಆರ್, ಎ ಒತ್ತಿ ಯಂತ್ರ ನಿಲ್ಲಿಸಬೇಕು, ಅವಳ ಹೆಸರೇ ಪಾಸ್‌ವರ್ಡ್. ತಡವಾದರೆ ಆ ಆಟದಲ್ಲಿ ಮತ್ತೊಂದು ಅವಕಾಶವಿಲ್ಲ.

ಕಾಳಗದಲ್ಲಿ ಶತ್ರುಗಳು ಓಡಾಡುತ್ತಲೇ ಇರುತ್ತಾರೆ. ನಾಯಕ ಕ್ರೋನೋನ ಸೈಕ್ಲೋನ್ ಎಂಬ ಟೆಕ್ (ವಿಶೇಷ ಹೊಡೆತ) ವೃತ್ತಾಕಾರಕ್ಕೆ ಬಡಿಯುತ್ತದೆ, ಲೂಕಾಳ ಫ್ಲೇಮ್ ಟಾಸ್ ಸಾಲಿಗೆ. ಗುಂಪು ಕೂಡುವವರೆಗೆ ಕಾಯದೆ ಹೊಡೆದರೆ ಟೆಕ್‌ಗೆ ಖರ್ಚಾಗುವ ಎಂಪಿ (ಶಕ್ತಿಯ ಅಂಕ) ದಂಡ. ಹೊಸಬರು ವೇಟ್ ಮೋಡ್ ಇಟ್ಟುಕೊಳ್ಳಲಿ: ಟೆಕ್ ಅಥವಾ ವಸ್ತುಗಳ ಪಟ್ಟಿ ತೆರೆದಿರುವಷ್ಟು ಹೊತ್ತು ಸಮಯ ನಿಲ್ಲುತ್ತದೆ. ಬಾಸ್‌ಗಳು ಒಟ್ಟಾರೆ ಸುಲಭ. ಸರೀಸೃಪಗಳ ಗುಹೆಯ ನಿಜ್ಬೆಲ್ ಮಾತ್ರ ಹೊಸಬರನ್ನು ಕಾಡುತ್ತದೆ. ಮಿಂಚು ಹೊಡೆದು ಅದರ ರಕ್ಷಣೆ ತಗ್ಗಿಸದೆ ಕತ್ತಿ ಬೀಸುವುದು ದಂಡ.

1999ರ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಮೆನು ತೆರೆಯಲೂ ಸಿಡಿ ಓದಿಸಬೇಕು. ಅದನ್ನು ಬಿಟ್ಟು ಬೇರೆ ಯಾವುದಾದರೂ ಸರಿ.