‘ಕೀಮ್’ ಅಂದರೆ ಹರಳೋ, ಬ್ಯಾಕ್ಟೀರಿಯಾವೋ?

ಡಚ್ ಡೇರಿ ಕೈಪಿಡಿಗಳನ್ನು ಅನುವಾದಿಸುವಾಗ ತೀರಾ ಸತಾಯಿಸುವ ಪದ ‘ಕೀಮ್’. ನಿಘಂಟು ‘ಮೊಳಕೆ’ ಅನ್ನುತ್ತದೆ. ಹಾಲಿನ ಲ್ಯಾಬಿನಲ್ಲಿ ಅದೇ ಪದ ಬ್ಯಾಕ್ಟೀರಿಯಾ. ಹರಳುಗಟ್ಟಿಸುವ ಟ್ಯಾಂಕಿನ ಹತ್ತಿರ ಬಂದರೆ ಹರಳಿನ ಮೊದಲ ಕಣ. ಕಂಡೆನ್ಸ್ಡ್ ಮಿಲ್ಕ್ ಕೈಪಿಡಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ.

ಪದದ ತಲೆ ಬಿಟ್ಟು ಬಾಲ ನೋಡಿ. ‘ಕೀಮ್‌ಗೆಟಾಲ್’ನಲ್ಲಿ ಗೆಟಾಲ್ ಅಂದರೆ ಸಂಖ್ಯೆ, ಹಾಗಾಗಿ ಅದು ಬ್ಯಾಕ್ಟೀರಿಯಾ ಎಣಿಕೆ. ಪಕ್ಕದಲ್ಲಿ 30 ಡಿಗ್ರಿ, ಪ್ರತಿ ಮಿಲಿಲೀಟರ್ ಅಂತ ಇದ್ದರೆ ಅನುಮಾನವೇ ಬೇಡ. ಹಸುವಿನ ಹಸಿ ಹಾಲಿಗೆ ಐರೋಪ್ಯ ಒಕ್ಕೂಟದ ಮಿತಿ 1,00,000. ಡಚ್ ಪಠ್ಯದಲ್ಲಿ ಇದೇ 100.000 ಆಗಿರಬಹುದು, ಆ ಚುಕ್ಕೆ ದಶಮಾಂಶದ್ದಲ್ಲ. ‘ಕೀಮ್‌ವೊರ್ಮಿಂಗ್’ನಲ್ಲಿ ವೊರ್ಮಿಂಗ್ ಅಂದರೆ ರೂಪುಗೊಳ್ಳುವುದು. ಅತಿಪರ್ಯಾಪ್ತ ದ್ರಾವಣದ, ಅಂದರೆ ಕರಗಬಲ್ಲದ್ದಕ್ಕಿಂತ ಹೆಚ್ಚು ಪದಾರ್ಥ ಕರಗಿರುವ ದ್ರಾವಣದ, ಮಾತು ನಡೆದಿದ್ದರೆ ಇದು ಹರಳು ಅಂಕುರಿಸುವುದು.

‘ಎಂಟೆನ್’ ಕ್ರಿಯಾಪದದ ಕಾಟ ಇನ್ನೂ ಹೆಚ್ಚು. ತೋಟದಲ್ಲಿ ಕಸಿ ಕಟ್ಟುವುದು, ಮೊಸರಿನ ವಿಭಾಗದಲ್ಲಿ ಹೆಪ್ಪು ಹಾಕುವುದು, ಕಂಡೆನ್ಸ್ಡ್ ಮಿಲ್ಕಿನಲ್ಲಿ ಬೀಜ ಹರಳು ಬೆರೆಸುವುದು, ಎಲ್ಲಕ್ಕೂ ಅದೊಂದೇ. ಏನನ್ನು ಹಾಕುತ್ತಾರೆ ಎಂದು ವಾಕ್ಯದಲ್ಲೇ ಹುಡುಕಿ. ಅದು ಸಿಗದಿದ್ದರೆ ಮುಂದಿನ ಹಂತ ಓದಿ: ಹೆಪ್ಪಾದರೆ ಬೆಚ್ಚಗೆ ಅಲುಗಾಡಿಸದೆ ಇಡುತ್ತಾರೆ, ಬೀಜ ಹರಳಾದರೆ ಕಲಕುತ್ತ ತಣಿಸುತ್ತಾರೆ.

ಕಂಡೆನ್ಸ್ಡ್ ಮಿಲ್ಕಿನಲ್ಲಿ ನಡೆಯುವುದು ಇಷ್ಟು. ಸಕ್ಕರೆ ಬೆರೆಸಿ ಇಂಗಿಸಿದ ಹಾಲನ್ನು ಸುಮಾರು 30 ಡಿಗ್ರಿಗೆ ಇಳಿಸಿ, ಬೀಜ ಹರಳಾಗಿ ಟನ್ನಿಗೆ 300ರಿಂದ 500 ಗ್ರಾಂ ನುಣ್ಣಗೆ ಅರೆದ ಲಾಕ್ಟೋಸ್ (ಹಾಲಿನ ಸಕ್ಕರೆ) ಹಾಕಿ, ಗಾಳಿ ಸೇರದಂತೆ ಜೋರಾಗಿ ಕಲಕುತ್ತ ಇನ್ನಷ್ಟು ತಣಿಸುತ್ತಾರೆ. ಬೀಜ ಹೆಚ್ಚಿದ್ದಷ್ಟೂ ಲಾಕ್ಟೋಸ್ ಹಂಚಿಹೋಗಿ ಹರಳು ಸಣ್ಣದಾಗುತ್ತದೆ. 10 ಮೈಕ್ರೊಮೀಟರಿನ ಒಳಗಿದ್ದರೆ ನಾಲಿಗೆಗೆ ತಿಳಿಯುವುದಿಲ್ಲ. ಬೀಜ ಕಡಿಮೆಯಾದರೆ ಕೆಲವೇ ಹರಳು ದಪ್ಪಗೆ ಬೆಳೆದು, ಬಾಯಲ್ಲಿ ಮರಳು ಮರಳಾಗಿ, ಡಬ್ಬದ ತಳ ಸೇರುತ್ತವೆ. ಟನ್ನಿಗೆ 300 ಗ್ರಾಂ ಬೀಜ ಅನ್ನುವುದು ಡಚ್ಚಿನಲ್ಲಿ ಶೇಕಡಾ 0,03 ಎಂದಿರಬಹುದು. ಇಲ್ಲಿ ಅಲ್ಪವಿರಾಮವೇ ದಶಮಾಂಶ.

ಕನ್ನಡಕ್ಕೆ ತರುವಾಗ ‘ನ್ಯೂಕ್ಲಿಯಸ್’ ಬೇಡ, ಓದುವವರಿಗೆ ಪರಮಾಣುವೋ ಜೀವಕೋಶವೋ ನೆನಪಾಗುತ್ತದೆ. ‘ಮೊಳೆ’ಯಂತೂ ಬೇಡವೇ ಬೇಡ, ಸುತ್ತಿಗೆ ಹುಡುಕುತ್ತಾರೆ. ತಾನಾಗಿ ಹುಟ್ಟುವ ಕೀಮ್‌ಗೆ ‘ಹರಳಿನ ಅಂಕುರ’, ಹೊರಗಿನಿಂದ ಹಾಕುವ ‘ಎಂಟ್‌ಕ್ರಿಸ್ಟಲ್’ಗೆ ‘ಬೀಜ ಹರಳು’ ಸರಿಹೊಂದುತ್ತದೆ. ಎರಡಕ್ಕೂ ‘ಬೀಜ’ ಅಂದುಬಿಟ್ಟರೆ, ಟ್ಯಾಂಕಿನ ಮುಂದೆ ನಿಂತವನಿಗೆ ಪುಡಿ ಹಾಕಬೇಕೋ ಸುಮ್ಮನೆ ಕಾಯಬೇಕೋ ಗೊತ್ತಾಗುವುದಿಲ್ಲ. ಅನುವಾದದ ಸಾಫ್ಟ್‌ವೇರಿನ ಪದಕೋಶಕ್ಕೆ ಬರೀ ‘ಕೀಮ್’ ಸೇರಿಸಬೇಡಿ. ಸಮಾಸಪದಗಳನ್ನು ಇಡಿಯಾಗಿಯೇ ಸೇರಿಸಿ.