ಹೃದ್ರೋಗದ ಲೆಕ್ಕ ಹಳ್ಳಿಯ ಕಡೆ ಹೊರಳಿದೆ

ಭಾರತದಲ್ಲಿ 1990ರಲ್ಲಿ ಸತ್ತವರ ಪೈಕಿ ಶೇ 15.2ರಷ್ಟು ಮಂದಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸತ್ತಿದ್ದರು. 2016ರ ಹೊತ್ತಿಗೆ ಆ ಪಾಲು ಶೇ 28.1ಕ್ಕೆ ಏರಿತ್ತು ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಆಯ್ದ ಊರುಗಳಲ್ಲಿ ಜನನ-ಮರಣಗಳ ಲೆಕ್ಕವಿಡುವ ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯು ಬೇರೆ ವಿಧಾನದಲ್ಲಿ ಸಿದ್ಧಪಡಿಸುವ 2021–23ರ ವರದಿಯಲ್ಲಿ ಅದು ಸುಮಾರು ಶೇ 31. ದಾವಣಗೆರೆಯಲ್ಲಿ ಔಷಧದಂಗಡಿ ನಡೆಸುವ ನನಗೆ ಈ ಅಂಕಿಗಳು ದಿನವೂ ಬೇರೊಂದು ರೂಪದಲ್ಲಿ ಕೇಳಿಸುತ್ತವೆ: “ಈಗೀಗ ಎಲ್ರಿಗೂ ಹಾರ್ಟ್ ಅಟ್ಯಾಕೇ ನೋಡ್ರಿ.” ಮಾತು ಪೂರ್ತಿ ಸುಳ್ಳಲ್ಲ, ಆದರೆ ಏರಿಕೆಯ ಒಳಗೆ ಏನೇನು ಸೇರಿಕೊಂಡಿದೆ ಎಂಬುದನ್ನು ಬಿಡಿಸಿ ನೋಡದೆ ಭಯಪಡುವುದರಲ್ಲಿ ಪ್ರಯೋಜನವಿಲ್ಲ.

ಏರಿಕೆಯ ದೊಡ್ಡದೊಂದು ಭಾಗ ನಾವು ಹೆಚ್ಚು ಕಾಲ ಬದುಕುತ್ತಿರುವುದರಿಂದಲೇ ಬಂದದ್ದು. 1986–90ರ ಅವಧಿಯಲ್ಲಿ ಸುಮಾರು 58 ವರ್ಷವಿದ್ದ ಭಾರತೀಯರ ಸರಾಸರಿ ಆಯುಸ್ಸು 2016–20ರ ವೇಳೆಗೆ 70 ಮುಟ್ಟಿತು. ವಾಂತಿ-ಭೇದಿ, ಕ್ಷಯ, ಬಾಣಂತಿಯರ ಸಾವು, ಹಸುಳೆಗಳ ಸಾವು ಕಡಿಮೆಯಾದಂತೆ ಉಳಿದ ಕಾಯಿಲೆಗಳ ಪಾಲು ತಾನಾಗಿಯೇ ಹೆಚ್ಚುತ್ತದೆ. ಯಾವುದಾದರೊಂದು ಕಾರಣದಿಂದ ಸಾಯಲೇಬೇಕಾದ ಮನುಷ್ಯ ವಯಸ್ಸಾದ ಮೇಲೆ ಹೃದಯದ ಕಾಯಿಲೆಯಿಂದ ಸತ್ತರೆ ಅದನ್ನು ಹೊಸ ಪಿಡುಗು ಎನ್ನಲಾಗದು. ಆದ್ದರಿಂದ ಒಟ್ಟು ಪಾಲಿಗಿಂತ ಮುಖ್ಯವಾದದ್ದು ನಡುವಯಸ್ಸಿನವರ ಸಾವಿನ ಪ್ರಮಾಣ.

ಅಲ್ಲಿಯೇ ನನಗೆ ನಿಜವಾದ ಚಿಂತೆ. ದುಡಿಯುವ ವಯಸ್ಸಿನ ಸಾವುಗಳನ್ನು ಕುರಿತ ಅತ್ಯಂತ ಗಟ್ಟಿಯಾದ ಮಾಹಿತಿ ಡಾ. ಪ್ರಭಾತ್ ಝಾ ಅವರ ನೇತೃತ್ವದ ‘ಮಿಲಿಯನ್ ಡೆತ್ ಸ್ಟಡಿ’ಯದು. ನಮ್ಮಲ್ಲಿ ಬಹುಪಾಲು ಸಾವುಗಳಿಗೆ ವೈದ್ಯರು ಕಾರಣ ಬರೆದುಕೊಟ್ಟ ಪ್ರಮಾಣಪತ್ರವೇ ಇರುವುದಿಲ್ಲವಾದ್ದರಿಂದ, ತರಬೇತಿ ಪಡೆದ ಸಮೀಕ್ಷಕರು ಸತ್ತವರ ಮನೆಗೆ ಹೋಗಿ ಎದೆನೋವು ಇತ್ತೇ, ಬೆವರು ಬಂದಿತ್ತೇ, ಎಷ್ಟು ಹೊತ್ತಿನಲ್ಲಿ ಪ್ರಾಣ ಹೋಯಿತು, ಮೊದಲೇ ಕಾಯಿಲೆ ಗೊತ್ತಿತ್ತೇ ಎಂದು ಮನೆಯವರನ್ನು ವಿಚಾರಿಸಿ ಬರೆದುಕೊಂಡು ಬರುತ್ತಾರೆ. ಇಬ್ಬರು ವೈದ್ಯರು ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ ಅದನ್ನು ಓದಿ ಸಾವಿನ ಕಾರಣವನ್ನು ನಿರ್ಧರಿಸುತ್ತಾರೆ. ಈ ವಿಧಾನದಲ್ಲಿ ತಪ್ಪುಗಳಿಗೆ ಎಡೆ ಇದ್ದೇ ಇದೆ. ಆದರೂ ಊರ ಕಟ್ಟೆಯ ಮೇಲೆ ಕುಳಿತು ಹಠಾತ್ತನೆ ಸತ್ತವರೆಲ್ಲರನ್ನೂ ಹೃದಯದ ಲೆಕ್ಕಕ್ಕೆ ಸೇರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಈ ಅಧ್ಯಯನದ ಪ್ರಕಾರ 2000ದಿಂದ 2015ರ ನಡುವೆ 30ರಿಂದ 69 ವರ್ಷದವರಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡು ಆಗುವ ಸಾವು ಹಳ್ಳಿಗಳಲ್ಲಿ ವೇಗವಾಗಿ ಏರಿ, ಪೇಟೆಗಳ ಪ್ರಮಾಣವನ್ನೂ ಮೀರಿತು. ಕೂತು ತಿನ್ನುವ ಪೇಟೆಯವರ ಕಾಯಿಲೆ ಎಂದು ನಾವು ತಿಳಿದದ್ದು ಜಗಳೂರು, ಹೊನ್ನಾಳಿ, ಚನ್ನಗಿರಿಯ ಹೊಲ-ತೋಟಗಳಲ್ಲಿ ಮೈಮುರಿದು ದುಡಿಯುವವರಂಥವರನ್ನೇ ಈಗ ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಒಪ್ಪಿಕೊಳ್ಳಲು ಜನರಿಗೆ ಇನ್ನೂ ಮನಸ್ಸಿಲ್ಲ. ಇದೇ ಅಧ್ಯಯನದ ಇನ್ನೊಂದು ಸಂಗತಿ ನನ್ನ ಕಸುಬಿಗೆ ನೇರವಾಗಿ ಸಂಬಂಧಿಸಿದ್ದು: ಹೃದಯದ ಕಾಯಿಲೆ ಇದೆಯೆಂದು ಮೊದಲೇ ಗೊತ್ತಿದ್ದು ಸತ್ತವರಲ್ಲಿ ಅರ್ಧದಷ್ಟು ಮಂದಿ ಔಷಧವನ್ನು ನಿಯಮಿತವಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ಅದು ಹೇಗೆಂಬುದು ಅಂಗಡಿಯ ಗಲ್ಲಾದ ಮುಂದೆ ಕಾಣುತ್ತದೆ. ತಿಂಗಳ ಮಾತ್ರೆ ಬರೆದಿದ್ದರೂ ಸಂತೆಗೆ ಬಂದವರು “ಸದ್ಯಕ್ಕ ಐದು ಕೊಡ್ರಿ ಸಾಕು” ಎನ್ನುತ್ತಾರೆ. ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಕೊಡುವಾಗ ಮಾತ್ರೆಯ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಖು ಇನ್ನೊಂದು ತುಂಡಿನಲ್ಲಿ ಉಳಿಯುತ್ತದೆ. ಹಿರಿಯರೊಬ್ಬರನ್ನು ಯಾಕೆ ಇಷ್ಟು ದಿನ ಬರಲಿಲ್ಲ ಯಜಮಾನ್ರೇ ಎಂದು ಕೇಳಿದರೆ, “ಬಿಪಿ ನಾರ್ಮಲ್ ಐತಿ ಅಂದಾರ್ರೀ ಡಾಕ್ಟ್ರು, ಅದ್ಕ ಗುಳಿಗಿ ಬಿಟ್ಟೀನಿ” ಎಂದರು. ಗುಳಿಗೆಯಿಂದಲೇ ನಾರ್ಮಲ್ ಆಗಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅಡಿಕೆ-ತಂಬಾಕಿನ ಚೀಟಿಗೆ ದಿನವೂ ಹಣ ಇರುತ್ತದೆ, ಬಿಪಿ ಮಾತ್ರೆಗೆ ಇರುವುದಿಲ್ಲ ಎಂದು ಮೂದಲಿಸುವವರಿದ್ದಾರೆ. ನಾನು ಮೂದಲಿಸಲಾರೆ, ಏಕೆಂದರೆ ಏರಿದ ರಕ್ತದೊತ್ತಡ ನೋಯುವುದಿಲ್ಲ, ಮತ್ತು ನೋಯದ ಕಾಯಿಲೆಗೆ ಖರ್ಚು ಮಾಡುವುದು ಕೂಲಿ ಮಾಡುವವರಿಗೆ ಸುಲಭವಲ್ಲ.

ಕಾಯಿಲೆ ಬರುವುದೂ ಅದರಿಂದ ಸಾಯುವುದೂ ಒಂದೇ ಅಲ್ಲವೆಂಬುದಕ್ಕೆ ಹೊರದೇಶಗಳ ಆಧಾರವಿದೆ. 17 ದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನದಲ್ಲಿ ಶ್ರೀಮಂತ ದೇಶಗಳ ಜನರಿಗೆ ಹೃದ್ರೋಗದ ಅಪಾಯಕಾರಿ ಅಂಶಗಳು ಹೆಚ್ಚಿದ್ದರೂ ಸಾಯುವವರ ಪ್ರಮಾಣ ಬಡ ದೇಶಗಳಲ್ಲಿಯೇ ಹೆಚ್ಚು ಕಂಡುಬಂತು. ಅಮೆರಿಕದಲ್ಲಿ 1980ರಿಂದ 2000ದವರೆಗೆ ಇಳಿದ ಹೃದ್ರೋಗದ ಸಾವುಗಳಲ್ಲಿ ಸುಮಾರು ಅರ್ಧ ಚಿಕಿತ್ಸೆಯಿಂದ, ಹೆಚ್ಚುಕಡಿಮೆ ಉಳಿದರ್ಧ ಧೂಮಪಾನ, ಕೊಲೆಸ್ಟೆರಾಲ್, ರಕ್ತದೊತ್ತಡಗಳು ತಗ್ಗಿದ್ದರಿಂದ ಎಂದು ಲೆಕ್ಕ ಹಾಕಿದ್ದಾರೆ.

ಬೆಣ್ಣೆ ದೋಸೆಯ ಊರಿನವನಾಗಿ ಒಂದು ಮಾತು ಸೇರಿಸಬೇಕು: ಊರ ಹೊರಗಿನ ನೆಂಟರು ಎಲ್ಲದಕ್ಕೂ ಆ ದೋಸೆಯನ್ನೇ ದೂರುತ್ತಾರೆ. ಅಪರೂಪಕ್ಕೆ ತಿನ್ನುವ ದೋಸೆಗಿಂತ ದಿನವೂ ಎಳೆಯುವ ಬೀಡಿ, ಊಟದ ಉಪ್ಪು, ಒಳಗೇ ಬೆಳೆಯುವ ಸಕ್ಕರೆ ಕಾಯಿಲೆ ಹೆಚ್ಚು ಕೆಡುಕು ಮಾಡುತ್ತವೆ ಎಂಬುದು ನನ್ನ ನಿಲುವು. ಗಾಳಿಯನ್ನೂ ಮರೆಯುವಂತಿಲ್ಲ, ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಹೆಸರಿಸಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ದಾವಣಗೆರೆಯೂ ಒಂದು, ಮತ್ತು ಮಂಡಕ್ಕಿ ಭಟ್ಟಿಗಳ ಹೊಗೆಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಚಿಕ್ಕವಯಸ್ಸಿನವರ ಸಾವುಗಳ ಬಗ್ಗೆ ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಆತಂಕ ಹೆಚ್ಚಿತು, ಕೋವಿಡ್ ಇಲ್ಲವೇ ಅದರ ಲಸಿಕೆಯೇ ಕಾರಣವೆಂಬ ಮಾತೂ ಹಬ್ಬಿತು. ಆದರೆ ಇದು ಹೊಸದಲ್ಲ: 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದ ಮಾಹಿತಿಯಲ್ಲಿಯೇ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರ ವಯಸ್ಸಿನಲ್ಲಿ, ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುವುದು ಕಂಡಿತ್ತು, ಮತ್ತು ಆ ಅಧ್ಯಯನ ಪ್ರಕಟವಾದದ್ದು 2004ರಲ್ಲಿ, ಅಂದರೆ ಕೋವಿಡ್‌ಗೂ ಅದರ ಲಸಿಕೆಗೂ ಬಹಳ ಹಿಂದೆ.

ಪುನೀತರ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ಹಳ್ಳಿಯವರಿಗೆ ನಿಜಕ್ಕೂ ಉಪಯೋಗವಿದೆ ಎಂದು ನನ್ನ ಅನಿಸಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಈ ಮದ್ದಿನ ಫಲ ಮೊದಲ ಎರಡು-ಮೂರು ಗಂಟೆಗಳಲ್ಲಿಯೇ ಹೆಚ್ಚು. ಜಗಳೂರಿನಿಂದ ದಾವಣಗೆರೆಗೆ ಸುಮಾರು 50 ಕಿಲೋಮೀಟರ್; ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸಿ, ಬೆಳಗಾಗಲಿ ಎಂದು ಕಾದು, ಆಮೇಲೆ ಬಾಡಿಗೆ ಕಾರು ಹುಡುಕಿ ಹೊರಡುವ ಮನೆಯಲ್ಲಿ ಆ ಗಂಟೆಗಳು ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಮುಗಿದಿರುತ್ತವೆ. ಚುಚ್ಚುಮದ್ದು ತಾಲ್ಲೂಕಿಗೆ ಬಂದಿದೆ ಎಂಬ ಸುದ್ದಿ ಎಷ್ಟೋ ಹಳ್ಳಿಗಳಿಗೆ ಇನ್ನೂ ಮುಟ್ಟಿಲ್ಲ, ಅದಕ್ಕಾಗಿ ಎದೆನೋವಿನ ಮಾತ್ರೆ ಕೇಳಿಕೊಂಡು ಬರುವವರಿಗೆ ಮಾತ್ರೆ ಕೊಡುವ ಮೊದಲು ನಾನು ಆಸ್ಪತ್ರೆಯ ದಾರಿ ಹೇಳುತ್ತೇನೆ.